ಹನುಮೇಶ ಬರೆಯದ ಕಾಗದ, ನೀವು ಕೊಟ್ಟ ಪ್ರಮಾಣಪತ್ರ

ಸಿನಿಮಾಗಳನ್ನು ನೋಡಿ ಪ್ರಮಾಣಪತ್ರ ಕೊಡುವ ಮಾನ್ಯ ಅಧಿಕಾರಿಗಳೇ,

ನೀವು ಸಹಿ ಹಾಕಿ ಬಿಟ್ಟ ಒಂದು ಯುದ್ಧದ ಸಿನಿಮಾದಿಂದಾಗಿ ನಮ್ಮೂರಿನ ಒಬ್ಬ ತಾಯಿ, ಸತ್ತ ಮಗ ಬರೆಯದೇ ಇದ್ದ ಕಾಗದವನ್ನು ಎಂಟು ತಿಂಗಳು ಹುಡುಕಿದಳು. ಆ ಕಾಗದವನ್ನು ಕದ್ದವನೆಂದು ಒಬ್ಬ ನಿರಪರಾಧಿಯನ್ನು ಹೊಸ್ತಿಲ ಹೊರಗೆ ನಿಲ್ಲಿಸಿದಳು. ಇದರಲ್ಲಿ ನಿಮ್ಮ ತಪ್ಪು ಎಷ್ಟು, ನನ್ನ ತಪ್ಪು ಎಷ್ಟು ಎಂದು ಬರೆಯಲು ಕೂತಿದ್ದೇನೆ. ನನ್ನದು ಕಡಿಮೆ ಎಂದು ತೋರಿಸಿಕೊಳ್ಳುವ ಆಸೆ ನನಗಿಲ್ಲ. ಆದರೆ ನಿಮ್ಮ ಪಾಲಿನದನ್ನೂ ನಾನೇ ಹೊರಲು ಆಗುವುದಿಲ್ಲ.

ನಾನು ತಾವರಗೇರಾ ಹತ್ತಿರದ ಹಳ್ಳಿಯವಳು. ವಯಸ್ಸು ಐವತ್ತು. ಊರ ಸಾಲಿಯಲ್ಲಿ ಏಳನೆಯ ತರಗತಿವರೆಗೆ ಓದಿದ್ದೇನೆ. ಶ್ರಾವಣದಲ್ಲಿ ಗುಡಿಯೊಳಗೆ ಹೆಂಗಸರಿಗೆ ಪುರಾಣ ಓದಿ ಹೇಳುವವಳು ನಾನೇ. ಉಳಿದ ದಿನಗಳಲ್ಲಿ ರೇಷನ್ ಚೀಟಿ, ಕರೆಂಟಿನ ಬಿಲ್ಲು, ಗುಳಿಗೆಯ ಹಾಳೆ, ಹೀಗೆ ಅಕ್ಷರ ಬಾರದವರು ತಂದದ್ದನ್ನೆಲ್ಲ ಓದಿ ಹೇಳುತ್ತೇನೆ. “ಅಮರಮ್ಮ ಓದಿದ್ಲು ಅಂದ್ರ ಮುಗೀತು” ಎನ್ನುತ್ತಾರೆ ನಮ್ಮ ಹೆಂಗಸರು. ಆ ಮಾತಿಗೆ ನಾನು ಒಳಗೊಳಗೇ ಉಬ್ಬುತ್ತಿದ್ದೆ. ಶಿವನ ಮುಂದೆ ಕೂತು ಓದುವವಳಿಗೆ ಅಷ್ಟು ಉಬ್ಬು ಒಳ್ಳೆಯದಲ್ಲ ಎಂದು ಈಗ ತಿಳಿದಿದೆ.

ನನ್ನ ಎದುರು ಮನೆಯ ಮಾಳವ್ವನಿಗೆ ಅರವತ್ತು ದಾಟಿದೆ. ಗಂಡ ಬೇಗ ಹೋದ. ಕುರಿ ಕಾಯ್ದು ಒಬ್ಬನೇ ಮಗ ಹನುಮೇಶನನ್ನು ಬೆಳೆಸಿದಳು. ಅವನು ಸೈನ್ಯಕ್ಕೆ ಸೇರಿ ಅಡುಗೆ ಮಾಡುವವರ ಪೈಕಿ ಇದ್ದ. ಹತ್ತು ವರ್ಷದ ಹಿಂದೆ ಗಡಿಯ ಒಂದು ಠಾಣೆಯ ಮೇಲೆ ದಾಳಿಯಾಗಿ ಒಂಬತ್ತು ಜನ ಸತ್ತರು, ಅವರಲ್ಲಿ ಹನುಮೇಶನೂ ಒಬ್ಬ. ಹೆಣದ ಪೆಟ್ಟಿಗೆಯ ಸಂಗಡ ಊರಿಗೆ ಬಂದವನು ನವಲಿಯ ವಿರುಪಾಕ್ಷಿ. ಅದೇ ಠಾಣೆಯಲ್ಲಿದ್ದು ಉಳಿದು ಬಂದವನು. ಮಣ್ಣು ಕೊಟ್ಟಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ.

“ಯಕ್ಕಾರ, ಮೊದಲನೇ ಗುಂಡು ಬಿದ್ದದ್ದ ಅಡಗಿ ಡೇರೇದ ಮ್ಯಾಲೆ. ಅಂವ ನಲವತ್ತು ಮಂದಿಗೆ ಚಪಾತಿ ಹಿಟ್ಟು ನಾದಾಕ ಹತ್ತಿದ್ದ. ಒಂದು ಮಾತು ಆಡ್ಲಿಲ್ರಿ. ಅವ್ವಾ ಅನ್ನಾಕೂ ಟೈಮ್ ಸಿಗಲಿಲ್ಲ. ಇದನ್ನ ಸಾವಕಾಶ ನೀವ ಹೇಳ್ರಿ. ನನ್ನ ಬಾಯಾಗಿಂದ ಬರಂಗಿಲ್ಲ.”

ಆಗಲಿ ಎಂದೆ. ಹೇಳಲಿಲ್ಲ. ಮೂರನೆಯ ದಿನಕ್ಕೆ ಬೇಡ ಎನಿಸಿತು, ತಿಂಗಳಿಗೆ ಬೇಡ ಎನಿಸಿತು, ವರ್ಷ ತುಂಬಿದ ಮೇಲೆ ಇನ್ನೇಕೆ ಎನಿಸಿತು. “ನಿದ್ದಿ ಹತ್ತಿದಂಗ ಹೋದನಂತ ಯಕ್ಕಾ” ಎಂದಷ್ಟೇ ಹೇಳಿ ಸುಮ್ಮನಾದೆ. ವಿರುಪಾಕ್ಷಿ ಮಾತ್ರ ಪ್ರತಿ ವರ್ಷ ಆ ದಿನಕ್ಕೆ ತಪ್ಪದೆ ಬಂದ. ಪಿಂಚಣಿ ಪಡೆದು ಊರಿಗೆ ಮರಳಿದ ಮೇಲೆ ತಾನೇ ಬೆಳೆದ ಅಕ್ಕಿಯ ಚೀಲ ಹೊತ್ತು ಬರುತ್ತಿದ್ದ. ಮಾಳವ್ವನನ್ನು ಅವ್ವಾ ಎಂದೇ ಕರೆದು, ಅವಳ ಕೈಯ ಊಟ ಉಂಡು ಹೋಗುತ್ತಿದ್ದ.

ಕಳೆದ ವರ್ಷ ಆ ದಾಳಿಯ ಸಿನಿಮಾ ಬಂತು. ಬೇರೆ ಭಾಷೆಯದು, ಮಾತು ಮಾತ್ರ ಕನ್ನಡ. ನಾಯಕನ ಹೆಸರು ಬೇರೆ, ಅವನ ಊರಿನ ಹೆಸರೇ ಇಲ್ಲ. ಆದರೂ ನಮ್ಮೂರ ಯುವಕ ಸಂಘದವರು ಅವನು ನಮ್ಮ ಹನುಮೇಶನೇ ಎಂದು ತೀರ್ಮಾನಿಸಿ, ಗಂಗಾವತಿಯ ಟಾಕೀಸಿಗೆ ಎರಡು ಕ್ರೂಸರ್ ಗಾಡಿ ಮಾಡಿದರು. ಮಾಳವ್ವ ಒಲ್ಲೆ ಎಂದಳು. “ಒಮ್ಮೆ ಮಣ್ಣ ಕೊಟ್ಟ ಬಂದೀನಿ. ಮತ್ತ ಅದನ್ನ ನೋಡಾಕ ಗಾಡಿ ಹತ್ತಿ ಹೋಗ್ಲೇನ?” ಅವಳನ್ನು ಒಪ್ಪಿಸಿದವಳು ನಾನು. “ಊರಿಗೇ ದೊಡ್ಡಸ್ತನ ಐತಿ ಬಾರಬೇ ಯಕ್ಕಾ, ನಾ ಬಾಜೂಕ ಕುಂದರತೀನಿ” ಎಂದೆ. ಖರೆ ಹೇಳುತ್ತೇನೆ, ಸಿನಿಮಾ ನೋಡುವ ಚಪಲ ನನಗೇ ಇತ್ತು.

ತೆರೆಯ ಮೇಲೆ ಮೊದಲು ನಿಮ್ಮ ಕಚೇರಿಯ ಪ್ರಮಾಣಪತ್ರ ಬಂತು, ಸರಕಾರಿ ಮುದ್ರೆಯ ಸಿಕ್ಕಾ ಸಹಿತ. ಆಮೇಲೆ ಇಂಗ್ಲಿಷಿನಲ್ಲಿ ಇರುವೆ ಹರಿದಂಥ ಸಣ್ಣ ಅಕ್ಷರ. ಓದಬಲ್ಲವರೂ ಓದಲಾರದಷ್ಟು ಬೇಗ ಹೋಯಿತು. ಅದರ ಬೆನ್ನಿಗೆ ಕರಿ ತೆರೆಯ ಮೇಲೆ ಕನ್ನಡದಲ್ಲಿ, ಹಿಂದಿನ ಸಾಲಿನ ಮುದುಕರಿಗೂ ಕಾಣುವಷ್ಟು ದೊಡ್ಡದಾಗಿ, ‘ನೈಜ ಘಟನೆ ಆಧಾರಿತ’ ಎಂದು ಬಂದು ನಿಂತಿತು.

“ಏನ್ ಬರದಾರ ಅಮರವ್ವಾ?”

“ಇದು ಖರೇನ ನಡದದ್ದು ಅಂತ ಬರದಾರ ಯಕ್ಕಾ.”

‘ಆಧಾರಿತ’ ಎಂಬುದನ್ನು ನಾನು ಓದಲಿಲ್ಲ. ಅದೊಂದು ಬಾಲ ಎಂದುಕೊಂಡೆ. ಸರಕಾರದ ಸಿಕ್ಕಾ ಬಿದ್ದ ಮೇಲೆ ಬಂದ ಮಾತು, ಇನ್ನೇನು ಸುಳ್ಳಿರುತ್ತದೆ ಎಂದುಕೊಂಡೆ. ಮಾನ್ಯರೇ, ನೀವು ಆ ಮಾತನ್ನು ಪರೀಕ್ಷಿಸಿ ಬಿಟ್ಟಿದ್ದಿರೋ, ಅಥವಾ ನನ್ನಂತೆಯೇ ಮುಂದಿನ ಗುಂಡಿನ ಸದ್ದಿಗೆ ಕಾಯುತ್ತಿದ್ದಿರೋ?

ಸಿನಿಮಾದಲ್ಲಿ ನಾಯಕ ಒಬ್ಬನೇ ಹನ್ನೊಂದು ಜನರನ್ನು ಕೆಡವಿದ. ಪ್ರತಿಯೊಬ್ಬ ಬಿದ್ದಾಗಲೂ ಟಾಕೀಸು ಸಿಳ್ಳೆ ಹೊಡೆಯಿತು. ನಾನು ಚಪ್ಪಾಳೆ ಹೊಡೆದೆ. ಬೆಳಿಗ್ಗೆ ಎದ್ದು ಇರುವೆಗೆ ಸಕ್ಕರೆ ಹಾಕುವವಳು, ಕೈ ಉರಿಯುವಷ್ಟು ಹೊಡೆದೆ. ಆ ಕಡೆ ಬಿದ್ದವರಿಗೂ ಹಡೆದವರಿದ್ದಾರೆ ಎಂಬುದು ಅಲ್ಲಿ ನೆನಪಾಗಲಿಲ್ಲ, ಮನೆಗೆ ಬಂದು ದೀಪ ಹಚ್ಚುವಾಗ ನೆನಪಾಯಿತು. ಕೊನೆಗೆ ನಾಯಕನಿಗೆ ಗುಂಡು ತಗುಲಿತು. ಗುಂಡು ತಗುಲಿದವನು ಹಾಡು ಮುಗಿಯುವವರೆಗೆ ಬದುಕಿದ್ದು ತಾಯಿಗೆ ಕಾಗದ ಬರೆದ. ಅದನ್ನು ಗೆಳೆಯನ ಕಿಸೆಯಲ್ಲಿಟ್ಟು “ಅವ್ವಗ ಮುಟ್ಟಿಸು” ಎಂದು ಕಣ್ಣು ಮುಚ್ಚಿದ. ಧ್ವಜ ಹಾರಿತು, ದೀಪ ಹತ್ತಿದವು. ಕಾಗದ ಬರೆಸಿದ ನಿರ್ದೇಶಕರಿಗೆ ಅದನ್ನು ತಾಯಿಗೆ ಮುಟ್ಟಿಸಲು ಮಾತ್ರ ಪುರುಸೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಮಾಳವ್ವ ನನ್ನ ಮನೆಗೆ ಬಂದಳು. ಅಂಗೈಯಲ್ಲಿ ಬೀರಪ್ಪನ ಗುಡಿಯ ಭಂಡಾರ, ದೇವರ ಅರಿಷಿಣದ ಪುಡಿ. ನಮ್ಮಲ್ಲಿ ಭಂಡಾರ ಮುಟ್ಟಿ ಆಡಿದ ಮಾತನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ.

“ನಿನ್ನೆ ನೀ ಓದಿದ್ದು ಖರೇನ? ಮುಟ್ಟಿ ಹೇಳು.”

ವಿರುಪಾಕ್ಷಿಯ ಮಾತು ನನಗೆ ನೆನಪಿರಲಿಲ್ಲ ಎನ್ನಲಾರೆ. ನೆನಪಿತ್ತು. ಆದರೆ ಹತ್ತು ವರ್ಷದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಗೆಲುವು ಕಂಡಿತ್ತು. ಮಗ ತನ್ನನ್ನು ನೆನೆದು ಹೋದ ಎಂಬ ಗೆಲುವು. ಅದನ್ನು ಆರಿಸಲು ಕೈ ಬರಲಿಲ್ಲ. ನಾನು ಜಾಣತನ ಮಾಡಿದೆ. “ಅಲ್ಲಿ ಖರೆ ಅಂತನ ಬರದಿತ್ತು ಯಕ್ಕಾ” ಎಂದು ಭಂಡಾರ ಮುಟ್ಟಿದೆ. ಅಕ್ಷರಕ್ಕೆ ಅಕ್ಷರ ಹಿಡಿದರೆ ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ರಾತ್ರಿ ಶಿವನಿಗೂ ಹಾಗೆಯೇ ಹೇಳಿದೆ. ಆತ ಒಪ್ಪಿದಂತೆ ಅನಿಸಲಿಲ್ಲ.

ಅಲ್ಲಿಂದ ಶುರುವಾಯಿತು. ಹದಿನೈದು ದಿನಕ್ಕೊಮ್ಮೆ ಮಾಳವ್ವ ಬಸ್ಸು ಹತ್ತಿ ಕೊಪ್ಪಳಕ್ಕೆ ಹೋಗಿ, ಸೈನಿಕರ ಮನೆಯವರ ಕೆಲಸ ನೋಡುವ ಕಚೇರಿಯಲ್ಲಿ ಕಾಗದ ಕೇಳತೊಡಗಿದಳು. ಅಲ್ಲಿನ ಗುಮಾಸ್ತ ಯಮನೂರಸಾಬ ಒಳ್ಳೆಯ ಮನುಷ್ಯ. ಚಹಾ ತರಿಸಿ ಕೊಟ್ಟು, “ಅವ್ವಾ, ಎಲ್ಲಾ ಫೈಲು ತಗದ ನೋಡೀನಿ. ಇದ್ದಿದ್ರ ನಾನ ಹೊತ್ಗೊಂಡ ನಿಮ್ಮೂರಿಗೆ ಬರತಿದ್ನಲ್ಲ” ಎಂದನಂತೆ. ಕಚೇರಿಯಲ್ಲಿಲ್ಲ ಎಂದ ಮೇಲೆ ಅವಳ ಲೆಕ್ಕದಲ್ಲಿ ಉಳಿದವನು ಒಬ್ಬನೇ. ಗೆಳೆಯ.

ಆ ವರ್ಷವೂ ಹನುಮೇಶ ಸತ್ತ ದಿನಕ್ಕೆ ವಿರುಪಾಕ್ಷಿ ಎಂದಿನಂತೆ ಅಕ್ಕಿಯ ಚೀಲ ಹೊತ್ತು ಬಂದ. ಮಾಳವ್ವ ಬಾಗಿಲಿಗೆ ಅಡ್ಡ ನಿಂತಳು.

“ಮೊದ್ಲ ನನ್ನ ಮಗನ ಕಾಗದ ಕೊಡು. ಆಮ್ಯಾಲ ಒಳಗ ಬಾ.”

“ಯಾವ ಕಾಗದ ಅವ್ವಾ?”

“ಅವ್ವಾ ಅನಬ್ಯಾಡ. ಸಾಯೋ ಮಗ ನಿನ್ನ ಕಿಸೇದಾಗ ಇಟ್ಟದ್ದು. ಇಡೀ ಗಂಗಾವತಿ ನೋಡೈತಿ, ನಿನಗ ಗೊತ್ತಿಲ್ಲೇನ? ಅಮರವ್ವ ಭಂಡಾರ ಮುಟ್ಟಿ ಖರೆ ಅಂದಾಳ.”

ನಾನು ನನ್ನ ಕಟ್ಟೆಯ ಮೇಲೆ ಸಜ್ಜೆ ಹಸನು ಮಾಡುತ್ತಿದ್ದೆ. ಅವನು ನನ್ನ ಕಡೆ ನೋಡಿದ. ನಾನು ಮೊರದ ಕಡೆ ನೋಡಿದೆ. ಅವನು ಚೀಲವನ್ನು ಅವಳ ಕಟ್ಟೆಗಿಟ್ಟು ನನ್ನ ಹತ್ತಿರ ಬಂದು ಕೇಳಿದ.

“ಯಕ್ಕಾರ, ನೀವು ಭಂಡಾರ ಮುಟ್ಟೀರಂತ?”

“ಹೂಂ.”

“ಅವತ್ತ ನಾ ಹೇಳಿದ್ದು?”

ನಾನು ಸಜ್ಜೆಯೊಳಗಿನ ಕಲ್ಲು ಆರಿಸತೊಡಗಿದೆ. ಅವನೇ ಅಂದ. “ಬಿಡ್ರಿ. ಈಗ ಏನೂ ಹೇಳಬ್ಯಾಡ್ರಿ. ಮಗ ಕಾಗದ ಬರದಾನ ಅಂತ ಮುದುಕಿಗೆ ಒಂದು ಸಮಾಧಾನ ಐತಿ. ಕಳ್ಳ ಅಂದ್ರ ನನಗ ಅನ್ಲಿ. ನಾ ಉಳದು ಬಂದಾಂವ, ಅಷ್ಟು ಅನಸ್ಕೊಳ್ಳಬೇಕು.” ನೀರೂ ಕುಡಿಯದೆ ಹೋದ. ಆ ಅಕ್ಕಿಯನ್ನು ಮಾಳವ್ವ ಮುಟ್ಟಲಿಲ್ಲ. ಇಲಿ ಚೀಲ ಕಡಿದು, ಕೋಳಿಗಳು ತಿಂದವು.

ಆಮೇಲೆ ನನ್ನ ತಮ್ಮನ ಮಗಳು ಮೇಘಾ ಕುಷ್ಟಗಿಯ ಕಾಲೇಜಿನಿಂದ ರಜೆಗೆ ಬಂದಾಗ, ಅದೇ ಸಿನಿಮಾವನ್ನು ಫೋನಿನಲ್ಲಿ ನಿಲ್ಲಿಸಿ ಆ ಇರುವೆ ಅಕ್ಷರಗಳನ್ನು ಓದಿದಳು. “ಅತ್ತಿ, ಇದರಾಗಿನ ಮನಶ್ಯಾರು, ನಡದದ್ದು ಎಲ್ಲಾ ಕಲ್ಪನಾ ಅಂತ ಬರದಾರ. ಖರೇ ಮಂದಿಗೆ ಹೋಲಿದ್ರ ನಾವು ಜವಾಬ್ದಾರಲ್ಲ ಅಂತ.” ಮೂರು ಸಲ ಓದಿಸಿದೆ. ಅಂದರೆ ಖರೆ ಎಂಬುದು ಕನ್ನಡದಲ್ಲಿ, ದೊಡ್ಡದಾಗಿ, ಟಿಕೆಟ್ಟು ತೆಗೆದವರಿಗೆ. ಸುಳ್ಳು ಎಂಬುದು ಇಂಗ್ಲಿಷಿನಲ್ಲಿ, ಸಣ್ಣದಾಗಿ, ವಕೀಲರಿಗೆ. ಎರಡರ ಮೇಲೂ ನಿಮ್ಮದೊಂದೇ ಸಹಿ. ಭಾಳ ಛಲೋ ಆಡಳಿತ. ಭಂಡಾರ ಮುಟ್ಟಿ ಜಾಣತನ ಮಾಡಿದವಳು ನಾನೊಬ್ಬಳೇ ಅಲ್ಲ ಎಂದು ಆವತ್ತು ತಿಳಿಯಿತು.

ತೆರೆಯ ಮೇಲೆ ಒಬ್ಬ ಬೀಡಿ ಹಚ್ಚಿದರೆ ಆರೋಗ್ಯಕ್ಕೆ ಹಾನಿ ಎಂದು ಅಚ್ಚ ಕನ್ನಡದಲ್ಲಿ ಎಚ್ಚರಿಸುತ್ತೀರಿ. ಕುದುರೆ ಬಿದ್ದರೆ ಯಾವ ಪ್ರಾಣಿಗೂ ನೋವಾಗಿಲ್ಲ ಎಂದು ಬರೆಸುತ್ತೀರಿ. ಒಳ್ಳೆಯದೇ, ಮೂಕ ಜೀವದ ಕಾಳಜಿ ಪುಣ್ಯದ ಕೆಲಸ. ಆದರೆ ಆ ಠಾಣೆಯಲ್ಲಿ ನಿಜವಾಗಿ ಸತ್ತ ಒಂಬತ್ತು ಮಂದಿಯ ಮನೆಯವರಿಗೆ ನೋವಾದೀತೇ ಎಂದು ನಿಮ್ಮ ಪೈಕಿ ಒಬ್ಬರಾದರೂ ಕೇಳಿದಿರಾ? ಮಾಳವ್ವನ ಹುಡುಕಾಟ ನನಗೆ ಕಂಡಿತು. ಉಳಿದ ಎಂಟು ಊರುಗಳಲ್ಲಿ ಎಂಟು ಜನ ಅದೇ ಕಾಗದವನ್ನು ಕೇಳುತ್ತ ಯಾವ ಯಾವ ಕಚೇರಿ ಹತ್ತಿ ಇಳಿಯುತ್ತಿದ್ದಾರೋ? ಪುರಾಣದಲ್ಲೂ ಬಾಣ ಹಾರುತ್ತವೆ, ತಲೆ ಉರುಳುತ್ತವೆ. ನಾನು ಓದುತ್ತೇನೆ, ಹೆಂಗಸರು ಅಳುತ್ತಾರೆ. ಮುಗಿದ ಮೇಲೆ ಯಾರೂ ಎದ್ದು ಹೋಗಿ ಪಕ್ಕದೂರಿನವನ ಕಿಸೆ ತಡಕುವುದಿಲ್ಲ. ಏಕೆಂದರೆ ಮೊನ್ನೆ ಸತ್ತವರ ಹೆಣದ ಮೇಲೆ ಆ ಕಥೆ ಕಟ್ಟಿಲ್ಲ.

ಹೋದ ಸೋಮವಾರ ನಾನೇ ಅದೇ ಗುಡಿಯ ಭಂಡಾರ ಹಿಡಿದು ಮಾಳವ್ವನ ಮನೆಗೆ ಹೋದೆ. “ಯಕ್ಕಾ, ಕಾಗದ ಇಲ್ಲ. ಅಂವ ಬರದೇ ಇಲ್ಲ. ವಿರುಪಾಕ್ಷಿ ಅವತ್ತ ನನಗ ಎಲ್ಲಾ ಹೇಳಿದ್ದ. ನಾ ಮುಚ್ಚಿಟ್ಟೆ” ಎಂದೆ.

ಅವಳು ನನ್ನ ಕೈಯೊಳಗಿನ ಭಂಡಾರ ನೋಡಿದಳು.

“ಹತ್ತು ವರ್ಷ ನಿನ್ನ ಹೊಟ್ಟ್ಯಾಗ ಇತ್ತೇನ ಇದು?”

“ಇತ್ತು.”

“ಏನ್ ಮಾಡತಿದ್ದ ಆವಾಗ?”

“ಹಿಟ್ಟು ನಾದತಿದ್ದನಂತ. ನಲವತ್ತು ಮಂದಿಗೆ.”

“ನಾನ ಕಲಿಸೀನಿ ಅವಂಗ” ಎಂದಳು. “ನಾ ಕುರಿ ಹಿಂದ ಹೋದ್ರ ಸಣ್ಣಾಂವ ಇದ್ದಾಗಿಂದ ರೊಟ್ಟಿ ಮಾಡಿ ಇಡತಿದ್ದ. ಇದನ್ನ ಮೊದ್ಲ ಹೇಳಿದ್ರ ನಾ ಏನ್ ಸಾಯತಿದ್ನೇನ ಅಮರವ್ವಾ?” ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು. “ವಿರುಪಾಕ್ಷಿಗೆ ಫೋನ್ ಹಚ್ಚು. ಉಣ್ಣಾಕ ಬಾ ಅನ್ನು. ನೀ ಬರಬ್ಯಾಡ.”

ಅವನು ಬಂದ, ಉಂಡ. ನಾನು ಹೋಗಲಿಲ್ಲ. ಈಗ ಅವಳು ಸಾಲಿ ಕಲಿತ ಬೇರೆಯವರ ಮನೆಗೆ ಬಿಲ್ಲು ಓದಿಸಲು ಹೋಗುತ್ತಾಳೆ. ಅದು ಸರಿಯಾಗಿಯೇ ಇದೆ.

ನನ್ನ ಪಾಲು ಇಷ್ಟು. ಇನ್ನು ನಿಮ್ಮದು. ಬರುವ ತಿಂಗಳು ಆ ಸಿನಿಮಾ ಟಿವಿಯಲ್ಲಿ ಬರುತ್ತದೆ ಎಂದು ದಿನಕ್ಕೆ ಹತ್ತು ಸಲ ತೋರಿಸುತ್ತಿದ್ದಾರೆ. ಅಷ್ಟರೊಳಗೆ ಆ ದೊಡ್ಡ ಅಕ್ಷರಗಳನ್ನು ತೆಗೆಸಿರಿ. ಇಲ್ಲವೇ ಆ ಸಣ್ಣ ಅಕ್ಷರಗಳನ್ನು ಕನ್ನಡದಲ್ಲಿ, ಅಷ್ಟೇ ದೊಡ್ಡದಾಗಿ ಬರೆಸಿ, ಓದು ಬಾರದವರಿಗೆ ಕೇಳುವಂತೆ ಬಾಯಿಂದ ಹೇಳಿಸಿರಿ: ಈ ಠಾಣೆ ಇತ್ತು, ಒಂಬತ್ತು ಜನ ಸತ್ತದ್ದು ಖರೆ, ಕಾಗದ ನಾವು ಕಟ್ಟಿದ್ದು. ಇಷ್ಟಕ್ಕೆ ಕಾನೂನು ಬಿಡುವುದಿಲ್ಲ ಎನ್ನುವುದಾದರೆ, ಸಿನಿಮಾ ಟಿವಿಯಲ್ಲಿ ಬರುವ ದಿನ ನಿಮ್ಮ ಕಚೇರಿಯಿಂದ ಒಂಬತ್ತು ಜನರನ್ನು ಒಂಬತ್ತು ಮನೆಗೆ ಕಳಿಸಿರಿ. ಗೆಳೆಯನ ಕಿಸೆಗೆ ಕಾಗದ ಹೋಗುವಾಗ ತಾಯಿಯ ಬಾಜೂಕ ಕೂತು, ಇದು ಸುಳ್ಳು ಅವ್ವಾ ಎಂದು ಅವರೇ ಹೇಳಲಿ. ಒಂದು ಮನೆಯಲ್ಲಿ ನಾನು ಹೇಳಿ ಬಂದಿದ್ದೇನೆ. ಎಷ್ಟು ಹೊತ್ತು ಹಿಡಿಯುತ್ತದೆ, ಆಮೇಲೆ ಆ ಮನೆಯಿಂದ ಎದ್ದು ಬರುವುದು ಹೇಗಿರುತ್ತದೆ ಎಂಬುದನ್ನು ಸಹಿ ಹಾಕಿದವರೂ ಒಮ್ಮೆ ತಿಳಿಯಲಿ.

ಇಂತಿ,
ದೊಡ್ಡ ಅಕ್ಷರ ಮಾತ್ರ ಓದಿ ಹೇಳಿದ ತಪ್ಪಿತಸ್ಥೆ,
ಅಮರಮ್ಮ
ತಾವರಗೇರಾ ಹತ್ತಿರ, ಕುಷ್ಟಗಿ ತಾಲೂಕು