ಹಸಿರು ಬಾಟಲಿಯ ಮೇಲಿನ ನಿಮ್ಮ ಸಂಖ್ಯೆ

ಗಿಡಮೂಲಿಕೆ ಔಷಧಗಳಿಗೆ ಪರವಾನಗಿ ದಯಪಾಲಿಸುವ ಮಾನ್ಯ ಅಧಿಕಾರಿಗಳೇ,

ಲಿವರ್ ಶುದ್ಧಿ ಮಾಡುತ್ತೇನೆಂದು ಕೊಚ್ಚಿಕೊಳ್ಳುವ ಹಸಿರು ಬಾಟಲಿಯೊಂದಕ್ಕೆ ನೀವು ಸಂಖ್ಯೆ ಕೊಟ್ಟಿರಿ. ಆ ಬಾಟಲಿ ನನ್ನ ಅಣ್ಣ ಕಲ್ಲೇಶನನ್ನು ಕೊಂದಿತು. ಅವನ ಹೆಂಡತಿ ಗಂಗಾ ಈಗ ಅವನು ಸತ್ತ ಆಸ್ಪತ್ರೆಯ ಅದೇ ವಾರ್ಡಿನಲ್ಲಿ ಅರಿಸಿನದಂಥ ಕಣ್ಣು ಬಿಟ್ಟುಕೊಂಡು ಮಲಗಿದ್ದಾಳೆ. ಬಾಟಲಿಯೊಳಗೆ ಏನೇನಿತ್ತು ಎಂದು ಡಾಕ್ಟರು ನನ್ನನ್ನು ದಿನಾ ಕೇಳುತ್ತಾರೆ. ನಾನು ನಿಮ್ಮನ್ನು ಕೇಳುತ್ತಿದ್ದೇನೆ. ತೆಲುಗಿನಲ್ಲಿ ಒಂದು, ಇಂಗ್ಲಿಷಿನಲ್ಲಿ ಎರಡು ಅರ್ಜಿ ಕೊಟ್ಟಾಯಿತು. ಎಲ್ಲವೂ ‘ಪರಿಶೀಲನೆಯಲ್ಲಿವೆ’ಯಂತೆ. ಇನ್ನು ಕನ್ನಡದಲ್ಲೇ ಬರೆಯುತ್ತೇನೆ, ಮನಸಾರೆ ಬೈಯಲು ನನಗೆ ಬರುವುದು ಈ ಭಾಷೆಯಲ್ಲಿ ಮಾತ್ರ. ಬಾಟಲಿಯ ಹೆಸರನ್ನು, ಈ ಬಹಿರಂಗ ಪತ್ರ ಅಚ್ಚು ಹಾಕುತ್ತಿರುವ ಪತ್ರಿಕೆಯವರು ಹೊಡೆದುಹಾಕಿದ್ದಾರೆ, ಕಂಪನಿಗೆ ಮಾನ ಇರುತ್ತದಂತೆ. ನಮ್ಮಣ್ಣನಿಗೆ ಬರೀ ಪ್ರಾಣ ಇತ್ತು.

ನಾವು ಯಾದಗಿರಿ ಕಡೆಯವರು, ದುಡಿಯಲು ಹೈದರಾಬಾದಿಗೆ ಬಂದವರು. ಅಣ್ಣ ದಿಲ್‌ಸುಖ್‌ನಗರದಲ್ಲಿ ಟೈಲ್ಸ್ ಮೇಸ್ತ್ರಿ. ನಾನು ಅಲ್ಲೇ ಒಂದು ಕೋಚಿಂಗ್ ಸೆಂಟರಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಹೌದು ಸ್ವಾಮಿ, ಕೆಮಿಸ್ಟ್ರಿ. ನಗಬೇಕೆನಿಸಿದರೆ ನಕ್ಕುಬಿಡಿ. ರಕ್ತಪರೀಕ್ಷೆ ನೋಡಿದ ಡಾಕ್ಟರು ಅಣ್ಣನಿಗೆ, ‘ಲಿವರಿನಲ್ಲಿ ಸ್ವಲ್ಪ ಕೊಬ್ಬು ಕೂತಿದೆ, ಕರಿದದ್ದು ಬಿಡು, ದಿನಾ ನಡಿ, ಔಷಧ ಏನೂ ಬೇಡ’ ಎಂದಿದ್ದರು. ಅಣ್ಣನಿಗೆ ಸಮಾಧಾನವಾಗಲಿಲ್ಲ. “ಔಷಧ ಕೊಡಲಾರದವ ಎಂಥಾ ಡಾಕ್ಟರ್ ಅದಾನ ತಂಗಿ?” ಎಂದ. ನಾನೇ ಕೋಠಿ ಪೇಟೆಯ ಔಷಧದಂಗಡಿಗೆ ಹೋಗಿ ಆ ಬಾಟಲಿ ತಂದೆ. ಕಣ್ಣು ಮುಚ್ಚಿಕೊಂಡು ತರಲಿಲ್ಲ, ತಿರುಗಿಸಿ ತಿರುಗಿಸಿ ಓದಿದೆ. ಮುಂದುಗಡೆ ನಮ್ಮೂರ ನೆಲನೆಲ್ಲಿ ಸೊಪ್ಪಿನ ಚಿತ್ರ. ಹಿಂದುಗಡೆ ‘ಹದಿನಾಲ್ಕು ಮೂಲಿಕೆಗಳ ರಹಸ್ಯ ಮಿಶ್ರಣ’, ಅದರ ಕೆಳಗೆ ನಿಮ್ಮ ಸಂಖ್ಯೆ. ಸರಕಾರ ನೋಡಿಯೇ ಕೊಟ್ಟಿರುತ್ತದೆ ಎಂದುಕೊಂಡೆ. ನೀವು ನೋಡಿದ್ದಿರಾ? ಬಾಟಲಿಯ ಬಿರಡೆಯನ್ನಾದರೂ ಒಮ್ಮೆ ಬಿಚ್ಚಿ ಮೂಸಿದ್ದಿರಾ?

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಊರಲ್ಲಿ ನಮ್ಮಜ್ಜಿಯ ತಂಗಿ ಗದಿಗೆಮ್ಮ ಕಾಮಾಲೆಗೆ ಸೊಪ್ಪಿನ ರಸ ಕೊಡುತ್ತಿದ್ದಳು. ಅದರಿಂದ ಎಷ್ಟು ಜನಕ್ಕೆ ಗುಣವಾಯಿತೋ ನಾನರಿಯೆ. ಆದರೆ ಅವಳಿಗೊಂದು ಕಟ್ಟಳೆ ಇತ್ತು. ಮೂರೇ ದಿನ ಕೊಡಬೇಕು, ಅಷ್ಟೂ ದಿನ ಇಂಗ್ಲಿಷ್ ಔಷಧ ಮುಟ್ಟಬಾರದು, ಕೊಡುವವರು ಮೊದಲ ಗುಟುಕು ತಾವೇ ಕುಡಿದು ಆಮೇಲೆ ರೋಗಿಗೆ ಕೊಡಬೇಕು. “ನಾ ಕುಡಿಯಲಾರದ್ದು ನಿನಗ್ಯಾಕ ಕೊಡ್ಲಿ?” ಎನ್ನುತ್ತಿದ್ದಳು. ಕಾರ್ಖಾನೆಯಿಂದ ಬಂದ ಬಾಟಲಿಗೂ ನಾವು ಅದೇ ಕಟ್ಟಳೆ ಹಚ್ಚಿದೆವು. ಗಂಗಾ ವೈನಿ ದಿನಕ್ಕೆರಡು ಸಲ ತಾನೊಂದು ಗುಟುಕು ಕುಡಿದು ಅಣ್ಣನಿಗೆ ಕುಡಿಸಿದಳು. ಬಾಟಲಿ ತಂದವಳು ನಾನು, ಲೆಕ್ಕದ ಪ್ರಕಾರ ನಾನೂ ಕುಡಿಯಬೇಕಿತ್ತು. ಕುಡಿಯಲಿಲ್ಲ. ನನಗೆ ಕಹಿ ಆಗಿಬರುವುದಿಲ್ಲ.

ಗದಿಗೆಮ್ಮನ ಮೂರು ದಿನ ಬಾಟಲಿಯ ಲೇಬಲ್ಲಿನಲ್ಲಿ ಆರು ತಿಂಗಳಾಗಿತ್ತು. ಏಳನೇ ವಾರಕ್ಕೆ ಅಣ್ಣನ ಮೈಯೆಲ್ಲ ತುರಿಕೆ, ಮೂತ್ರ ಕಪ್ಪು ಚಹಾದ ಬಣ್ಣ. ‘ನಿಲ್ಲಿಸಿಬಿಡು’ ಎಂದೆ ನಾನು. ವೈನಿ ಡಬ್ಬಿಯೊಳಗಿನ ಚೀಟಿ ತೆಗೆದು ತೋರಿಸಿದಳು. “ಮೈಯಾಗಿನ ವಿಷ ಹೊರಗ ಬರಾಕತ್ತೈತಿ, ಸುಮಾ. ಇದರಾಗ ಬರದಾರ ನೋಡು, ನಡುವ ಬಿಡಬಾರದಂತ.” ನಿಜಕ್ಕೂ ಹಾಗೇ ಅಚ್ಚಾಗಿತ್ತು! ಮೊದಮೊದಲು ತೊಂದರೆ ಹೆಚ್ಚಿದಂತೆ ಕಂಡರೆ ಹೆದರಬೇಡಿ, ಪ್ರಮಾಣ ಹೆಚ್ಚಿಸಿ ಎಂದು. ಅವರು ಹೆಚ್ಚಿಸಿದರು. ಆಸ್ಪತ್ರೆಗೆ ಹೋದರೆ ಪಥ್ಯ ಕೆಡುತ್ತದೆಂದು ಇನ್ನೂ ಹನ್ನೊಂದು ದಿನ ಮನೆಯಲ್ಲೇ ಕೂತರು.

ನನ್ನಣ್ಣ ಹೇಗೆ ಸತ್ತ ಎಂಬುದು ನಿಮ್ಮ ಕಡತದಲ್ಲಿ ಇರಲಾರದು, ಬರೆದುಕೊಳ್ಳಿ. ಲಿವರ್ ಸತ್ತರೆ ತಲೆಗೂ ವಿಷ ಏರುತ್ತದೆ. ಇಪ್ಪತ್ತು ವರ್ಷದಲ್ಲಿ ಹೆಂಡತಿಯ ಜೊತೆ ಏರುದನಿಯಲ್ಲೂ ಮಾತಾಡದವನು ಅವಳ ಜುಟ್ಟು ಹಿಡಿದು ಗೋಡೆಗೆ ಬಡಿದ. ನನ್ನ ಕೈ ಕಚ್ಚಿದ, ಗುರುತು ಇನ್ನೂ ಇದೆ. ವಾರ್ಡಿನವರು ಅವನ ಕೈಕಾಲುಗಳನ್ನು ನನ್ನದೇ ವೇಲಿನಿಂದ ಮಂಚಕ್ಕೆ ಕಟ್ಟಿದರು. ಟೈಲ್ಸು ಹೊತ್ತು ಹೊತ್ತು ಗಟ್ಟಿಯಾದ ತೋಳು, ಮಂಚವೇ ಸರಿಯುತ್ತಿತ್ತು. ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಬೆಳಿಗ್ಗೆ ಬಾಯಿಂದ ರಕ್ತ ಬುಳಕ್ಕನೆ ಬಂತು, ನನ್ನ ಮಡಿಲೆಲ್ಲ ತೊಯ್ದಿತು. ಆ ಬಿಸಿ ಈಗಲೂ ನನ್ನ ತೊಡೆಯ ಮೇಲಿದೆ ಮಾನ್ಯರೇ. ನೀವು ಮಧ್ಯಾಹ್ನದ ಊಟಕ್ಕೆ ಕೂತಾಗ ಇದನ್ನು ದಯವಿಟ್ಟು ನೆನೆಸಿಕೊಳ್ಳಿ.

ಮಣ್ಣು ಮಾಡಿ ಬಂದ ಐದನೆಯ ದಿನ ಅಣ್ಣನ ಸುತ್ತಿಗೆ ತೆಗೆದುಕೊಂಡು ಕೋಠಿಗೆ ಹೋದೆ. ನಡುಮಧ್ಯಾಹ್ನ, ಅಂಗಡಿ ತುಂಬ ಗಿರಾಕಿ. ‘ಇದರಲ್ಲಿ ಏನು ಹಾಕಿದ್ದೀರಿ?’ ಎಂದು ಕೇಳಿದೆ. ಅಂಗಡಿಯವನು ಲೇಬಲ್ಲಿನ ಮೇಲೆ ಬೆರಳಿಟ್ಟು ತೋರಿಸಿದ. “ಲೈಸೆನ್ಸ್ ಉಂದಿ, ಮೇಡಂ.” ಲೈಸೆನ್ಸ್ ಇದೆಯಂತೆ. ಮತ್ತೆ ನಿಮ್ಮ ಸಂಖ್ಯೆ! ಕಪಾಟಿಗೆ ಬೀಸಿದೆ. ನಲವತ್ತೊಂದು ಬಾಟಲಿ ಒಡೆದೆ. ಗಾಜು ಸಿಡಿದು ಅವನ ಹಣೆ ಸೀಳಿತು. ರಕ್ತ ಕಂಡು ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ? ಇನ್ನೊಂದೇಟು ಅವನ ತಲೆಗೇ ಎಂದು ಕೈ ಎತ್ತಿದಾಗ ಗಲ್ಲಾದ ಪಕ್ಕದಲ್ಲಿ ಅರ್ಧ ಖಾಲಿಯಾದ ಅದೇ ಹಸಿರು ಬಾಟಲಿ ಕಂಡಿತು, ಮೇಲೊಂದು ಚಮಚ. ಅಳುತ್ತಲೇ ಹೇಳಿದ, ಅವನೂ ಎರಡು ತಿಂಗಳಿಂದ ಕುಡಿಯುತ್ತಿದ್ದಾನಂತೆ. ನನ್ನ ಕೈ ಇಳಿಯಿತು. ಆ ಏಟು ಯಾರಿಗೆ ಸಲ್ಲಬೇಕೆಂದು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ.

ಪೊಲೀಸರು ಇಪ್ಪತ್ತು ನಿಮಿಷದಲ್ಲಿ ಬಂದರು. ಸಂಜೆಯೊಳಗೆ ಕೇಸು, ಪಂಚನಾಮೆ, ಒಡೆದ ಬಾಟಲಿಗಳ ಪಟ್ಟಿ, ಸುತ್ತಿಗೆಗೆ ಸೀಲು. ಎಂಥ ಚುರುಕು! ಸುತ್ತಿಗೆಯನ್ನು ಪರೀಕ್ಷೆಗೆ ಕಳಿಸಿದ್ದಾರೆ. ಬಾಟಲಿಯನ್ನು ಪರೀಕ್ಷೆಗೆ ಕಳಿಸಲು ನಿಮ್ಮ ಅಪ್ಪಣೆ ಬೇಕಂತೆ, ನಿಮ್ಮ ಅಪ್ಪಣೆಗೆ ಕಂಪನಿಯ ವಿವರಣೆ ಬೇಕಂತೆ, ವಿವರಣೆಗೆ ಮೂವತ್ತು ದಿನ ಬೇಕಂತೆ. ಕೇಸಿನಲ್ಲಿರುವ ಬಾಟಲಿಯನ್ನು ಖಾಸಗಿ ಲ್ಯಾಬಿನವರು ಮುಟ್ಟಲೊಲ್ಲರು. ಗಂಗಾ ವೈನಿಗೆ ಮೂವತ್ತು ದಿನ ಇದೆಯೇ? ಡಾಕ್ಟರು ನಿನ್ನೆ ಕೈಚೆಲ್ಲಿ ಹೇಳಿದರು, ಒಳಗೆ ಸೇರಿದ್ದು ಯಾವುದೋ ಲೋಹವೋ, ಬೇರೆ ಗಿಡವೋ, ಕದ್ದು ಬೆರೆಸಿದ ಮಾತ್ರೆಯೋ ಗೊತ್ತಾದರೆ ಒಂದು ದಾರಿ ನೋಡಬಹುದು ಎಂದು. ವೈನಿಗೆ ಇನ್ನೂ ಬುದ್ಧಿ ನೆಟ್ಟಗಿದೆ. ನಿನ್ನೆ ನನ್ನ ಕೈ ಹಿಡಿದುಕೊಂಡು, “ನಾನೂ ಹಂಗ ಹೊಡಿಯಾಕ ಶುರು ಮಾಡಿದ್ರ ಕಟ್ಟಿಬಿಡ್ರಿ, ಯಾರಿಗೂ ಪೆಟ್ಟಾಗೋದು ಬ್ಯಾಡ,” ಎಂದಳು.

ಆದ್ದರಿಂದ ನನ್ನ ಬೇಡಿಕೆ ಒಂದೇ. ಅಣ್ಣ ಕುಡಿದ ಅದೇ ಬ್ಯಾಚಿನ, ಸೀಲು ಒಡೆಯದ ಒಂದು ಬಾಟಲಿ ನನ್ನ ಬಳಿ ಉಳಿದಿದೆ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅದನ್ನು ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ಹೆದರಬೇಡಿ, ಸುತ್ತಿಗೆ ಪೊಲೀಸರ ಬಳಿ ಇದೆ. ಅಲ್ಲೇ, ಆಗಲೇ ಪರೀಕ್ಷೆಯ ಆದೇಶಕ್ಕೆ ಸಹಿ ಹಾಕಿ. ಪರೀಕ್ಷೆಯ ಅಗತ್ಯವಿಲ್ಲ, ಸಂಖ್ಯೆ ಸರಿಯಾಗಿಯೇ ಇದೆ ಎನ್ನುವಿರಾದರೆ ಗದಿಗೆಮ್ಮನ ಕಟ್ಟಳೆ ನಡೆಯಲಿ. ಕೊಟ್ಟವರು ನೀವು, ಮೊದಲ ಗುಟುಕು ನಿಮ್ಮದು. ಚಮಚ ನಾನು ತರುತ್ತೇನೆ.

ಇಂತಿ,
ಬಾಟಲಿ ತಂದು ತಾನು ಮಾತ್ರ ಕುಡಿಯದೆ ಉಳಿದವಳು,
ಸುಮಂಗಲಾ
ಕೆಮಿಸ್ಟ್ರಿ ಬೋಧಕಿ, ಸದ್ಯ ಜಾಮೀನಿನ ಮೇಲೆ
ದಿಲ್‌ಸುಖ್‌ನಗರ, ಹೈದರಾಬಾದ್