ಬಾಯ್ಲರ್ ಪರೀಕ್ಷೆಗೆ ಹೋಗುವ ಪಪ್ಪನಿಗೆ

ಪಪ್ಪ,

ನಾನು ಏಳೂಕಾಲಿನ ಬಸ್ಸಿಗೆ ಕಾಲೇಜಿಗೆ ಹೊರಟೆ. ಗಂಜಿ ಒಲೆಯ ಮೇಲುಂಟು, ಬಂಗುಡೆ ಮೀನು ಬುಟ್ಟಿಯಡಿ ಉಂಟು. ರಾತ್ರಿ ಪಾಳಿ ಮುಗಿಸಿ ಬಂದವರು ತಿಂದು ಮಲಗಿ. ಮಧ್ಯಾಹ್ನ ಮೂರು ಗಂಟೆಗೆ ಬಾಯ್ಲರ್ ನಡೆಸುವ ಸರ್ಟಿಫಿಕೇಟಿನ ಪರೀಕ್ಷೆ! ಅಲಾರಂ ಗಡಿಯಾರವನ್ನು ಸ್ಟೀಲ್ ಪಾತ್ರೆಯೊಳಗೆ ಇಟ್ಟಿದ್ದೇನೆ, ಹೊಡ್ಕೊಂಡಾಗ ಬೈಬೇಡಿ.

ಯುವರ್ ಆನರ್, ಆರೋಪಿ ಪಪ್ಪ ಹೋದ ಸಲದ ಪರೀಕ್ಷೆಯ ತಪ್ಪು ಮತ್ತೆ ಮಾಡಬಾರದು! ಬಾಯ್ಲರ್ ಇನ್‌ಸ್ಪೆಕ್ಟರ್ ಕೇಳಿದ ಪ್ರಶ್ನೆಯನ್ನೇ ತಿದ್ದಲಿಕ್ಕೆ ಹೋಗಿ ಫೇಲಾದವರು ಇಡೀ ಮಂಗಳೂರಲ್ಲಿ ನೀವೊಬ್ರೇ. ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಮಾಸ್ಟ್ರಾಗಿದ್ದದ್ದು ಮುಗಿಯಿತು ಮಾರಾಯ್ರೆ. ಈಗ ನಲ್ವತ್ತಾರಕ್ಕೆ ನೀವು ಹೋಟೆಲಿನ ಬಿಸಿನೀರಿನ ಹೆಲ್ಪರ್. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ.

ಸರ್ಟಿಫಿಕೇಟ್ ಸಿಕ್ಕಿದ್ರೆ ಹಗಲು ಪಾಳಿ ಅಂತ ಮ್ಯಾನೇಜರ್ ಹೇಳಿದ್ದಾರಲ್ಲ. ಮಮ್ಮಿ ಕುವೈತಿನ ಆಸ್ಪತ್ರೆಯ ಕೆಲಸದಲ್ಲಿ, ನೀವು ಬಾಯ್ಲರಿನ ಹತ್ತಿರ. ನಾನು ಬರುವಾಗ ನೀವಿಲ್ಲ, ನೀವು ಬರುವಾಗ ನಾನಿಲ್ಲ. ಭಾನುವಾರ ಇಗರ್ಜಿಯಲ್ಲಿ ಪೂಜೆಗೆ ಪಕ್ಕ ಕೂತ್ರೆ ನನ್ನ ಹೆಗಲ ಮೇಲೆ ಗೊರಕೆ. ನಿನ್ನೆ ಸಂಜೆ ಬೆಕ್ಕಿನ ಎದುರು ನಿಂತು, "ಈ ಮನೆಯಲ್ಲಿ ಒಂದೋ ನಾನಿರಬೇಕು, ಇಲ್ಲ ಈ ಮೌನ ಇರಬೇಕು!" ಅಂತ ಡಯಲಾಗ್ ಹೊಡೆದೆ. ಅದು ಎದ್ದು ಪಕ್ಕದ ಮನೆಗೆ ಹೋಯಿತು.

ಪಾಸಾದ್ರೆ ಇವತ್ತು ಡ್ಯೂಟಿಗೆ ಒಂದು ಗಂಟೆ ಲೇಟಾಗಿ ಹೋಗಿ. ನಾನು ಐದಕ್ಕೆ ಬರ್ತೇನೆ, ಒಟ್ಟಿಗೆ ಚಾ ಕುಡಿಯುವ.

ಫೇಲಾದ್ರೂ ಹಾಗೇ ಮಾಡಿ.

ರೊಸಾಲಿನ್