ಕೈಬಿಟ್ಟ ದಾನಿ

ಮಾರ್ಚ್ ೧೪, ಗುರುವಾರ

ಪ್ರೀತಿಯ ಚೋಟಿ,

ನೀನು ಕಳಿಸಿದ ಕನ್ನಡಕ ಬಂದು ಐದು ವಾರವಾಯಿತು. ಮುಟ್ಟಿತು ಎಂದು ಒಂದು ಸಾಲು ಬರೆಯುವಷ್ಟೂ ಸೌಜನ್ಯ ಅಕ್ಕನಿಗೆ ಇಲ್ಲವಾಯಿತೇ ಎಂದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಅಮ್ಮನಿಗೆ ಅದು ಹೇಳಿ ಮಾಡಿಸಿದ ಹಾಗೆ ಕೂತಿದೆ. ಈಗ ಅವಳಿಗೆ ಸೋಫಾದ ಕೆಳಗಿನ ಧೂಳೂ ಕಾಣುತ್ತದೆ, ನನ್ನ ತಲೆಯ ಬಿಳಿ ಕೂದಲೂ ಕಾಣುತ್ತದೆ, ಎರಡಕ್ಕೂ ನಾನೇ ಹೊಣೆ. ನಿನ್ನ ಕೈಯಲ್ಲಿ ಕೂರಿಸಿದ ಗಾಜು ಎಂದು ಮನೆಗೆ ಬಂದವರಿಗೆಲ್ಲ ತೆಗೆದು ತೋರಿಸುತ್ತಾಳೆ. ಮಂಡಿ ನೋವು ಹಾಗೇ ಇದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಮೂರು ಸಲ ಮಾಡಿದೆ. ಮೂರು ಸಲವೂ ನೀನು "ಹೇಳು ಅಕ್ಕ" ಎಂದೆ, ನಾನು ಮಂಡಿ ನೋವಿನ ಎಣ್ಣೆಯ ಬಗ್ಗೆ ಮಾತಾಡಿ ಇಟ್ಟುಬಿಟ್ಟೆ. ಆ ಎಣ್ಣೆಯ ಹೆಸರು ನಿನಗೆ ಈಗ ಬಾಯಿಪಾಠವಾಗಿರಬೇಕು. ಕಾಗದವಾದರೆ ನಿನ್ನ ಮುಖವೂ ಕಾಣುವುದಿಲ್ಲ, ದನಿಯೂ ಕೇಳುವುದಿಲ್ಲ. ಹೇಡಿಗಳಿಗೆ ಕಾಗದವೇ ಅನುಕೂಲ.

ಮೂರು ವಾರದ ಹಿಂದೆ ನಿನ್ನ ಮಗಳು ನನಗೆ ಫೋನ್ ಮಾಡಿದ್ದಳು. ನಿನಗೆ ಹೇಳಬೇಡವೆಂದಿದ್ದಳು, ಮಾತು ಮುರಿಯುತ್ತಿದ್ದೇನೆ, ಅವಳನ್ನು ಗದರಬೇಡ. ಕಾಲೇಜಿನಲ್ಲಿ ರಕ್ತದಾನ ಶಿಬಿರವಂತೆ, ಗೆಳತಿಯರೆಲ್ಲ ಹೆಸರು ಕೊಟ್ಟರಂತೆ, ನೀನು ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲವಂತೆ. ಯಾಕೆ ಎಂದು ಹಟ ಹಿಡಿದಾಗ, ನಮ್ಮ ರಕ್ತ ಇನ್ನೊಬ್ಬರಿಗೆ ಕೊಡುವಂಥದ್ದಲ್ಲ ಎಂದೆಯಂತೆ. ಅಷ್ಟೆಲ್ಲ ವರದಿ ಒಪ್ಪಿಸಿ ಅವಳು ದನಿ ತಗ್ಗಿಸಿದಳು.

"ದೊಡ್ಡಮ್ಮ, ಅಮ್ಮನ ರಕ್ತದಲ್ಲಿ ಇರೋದು ನಂಗೂ ಬಂದಿರುತ್ತಾ? ನೀವೇ ಕಂಡುಹಿಡಿದಿದ್ದಂತಲ್ಲ" ಎಂದಳು.

ಆಮೇಲೆ ಹೇಳುತ್ತೇನೆ ಮರಿ ಎಂದು ಇಟ್ಟೆ. ಹದಿನೆಂಟು ವರ್ಷದ ಹುಡುಗಿ, ತನ್ನ ಮೈಯಲ್ಲಿ ಏನು ಹರಿಯುತ್ತಿದೆಯೋ ಎಂದು ಹೆದರಿಕೊಂಡಿದ್ದಾಳೆ, ಅದಕ್ಕೆ ಕಾರಣ ನಾನು. ಆ ದಿನದಿಂದ ನನಗೆ ಕನ್ನಡಿ ನೋಡಿಕೊಂಡು ತಲೆ ಬಾಚಲೂ ನಾಚಿಕೆಯಾಗುತ್ತಿದೆ.

ಈ ಕಾಗದವನ್ನು ಅವಳಿಗೂ ಓದಲು ಕೊಡು. ಅದಕ್ಕೇ ನಿನಗೆ ಚೆನ್ನಾಗಿ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಮೈಯ ಕಣಗಳೆಲ್ಲ ಸಕ್ಕರೆ ಹೊದ್ದುಕೊಂಡೇ ಓಡಾಡುತ್ತವೆ. ಚಹಾಕ್ಕೆ ಹಾಕುವ ಸಕ್ಕರೆಯಲ್ಲ, ಅದರ ದೂರದ ನೆಂಟರು, ಸಣ್ಣ ಸಣ್ಣ ಸರಪಳಿಗಳಾಗಿ ಹೊರಗೆ ಚಾಚಿರುತ್ತವೆ. ಆ ಸರಪಳಿಗಳನ್ನೇ ಹುಡುಕಿ ಹಿಡಿದುಕೊಳ್ಳುವ ಪ್ರೋಟೀನುಗಳಿವೆ. ಅಪ್ಪನ ಬೆರಳೊಂದು, ಅಮ್ಮನ ಬೆರಳೊಂದು ಹಿಡಿದು ನಡೆಯುವ ಮಗುವಿನ ಹಾಗೆ ಇಂಥ ಪ್ರೋಟೀನು ಎರಡು ಬಿಳಿ ರಕ್ತಕಣಗಳ ಸಕ್ಕರೆ ಹಿಡಿದು ಅವನ್ನು ಒಟ್ಟಿಗೆ ಇಡುತ್ತದೆ. ಒಟ್ಟಿಗಿದ್ದಾಗಲೇ ಅವು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು, ಯಾರು ನಮ್ಮವರು, ಯಾರ ಮೇಲೆ ಬೀಳಬೇಕು, ಯಾವಾಗ ಸುಮ್ಮನಿರಬೇಕು ಎಂದು. ಕೆಲವು ಕಾಯಿಲೆಗಳಲ್ಲಿ ಈ ಹಿಡಿತ ಅತಿಯಾಗಿ, ಹೋರಾಡಬೇಕಾದ ಕಣ ಕೈಕಟ್ಟಿ ಕೂತುಬಿಡುತ್ತದೆ. ಅದನ್ನು ಬಿಡಿಸಲು ನಮ್ಮ ಲ್ಯಾಬಿನಲ್ಲಿ ಒಂದು ಆಂಟಿಬಾಡಿ ಮಾಡಿದ್ದೆವು. ಆಂಟಿಬಾಡಿಗೆ ಎರಡು ತೋಳು, ಒಂದು ಬಾಲ. ನಮ್ಮದರ ತೋಳುಗಳು ಆ ಪ್ರೋಟೀನನ್ನೇ ತಬ್ಬಿ ಹಿಡಿಯುತ್ತವೆ, ಆಗ ಕಣಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ ಎಂಬುದು ನನ್ನ ವಾದ. ಇಡೀ ಲ್ಯಾಬು ನಿಂತಿದ್ದು ಆ ವಾದದ ಮೇಲೆ.

ವಾದ ನಿಜವಾಗಬೇಕಾದರೆ ಖಾಲಿ ಆಂಟಿಬಾಡಿ ಹಾಕಿದ ಕಡೆ ಏನೂ ಆಗಕೂಡದು. ಖಾಲಿ ಎಂದು ನಾವು ಕರೆಯುತ್ತಿದ್ದುದು ಅದೇ ಆಕಾರದ, ಆದರೆ ತೋಳಿಗೆ ಹಿಡಿಯಲು ಏನೂ ಇಲ್ಲದ ಇನ್ನೊಂದನ್ನು. ಅದು ತೆಪ್ಪಗಿದ್ದರೆ ಮಾತ್ರ ನಮ್ಮದು ಮಾಡಿದ ಕೆಲಸಕ್ಕೆ ಬೆಲೆ.

ಇನ್ನು ರಕ್ತ. ಅದು ನಮ್ಮ ನಮ್ಮ ತೋಳಿನಿಂದಲೇ ಬರುತ್ತಿತ್ತು. ಫ್ರಿಜ್ಜಿನ ಬಾಗಿಲ ಮೇಲೆ ಒಂದು ಪಟ್ಟಿ, ಯಾವ ವಾರ ಯಾರ ಸರದಿ ಎಂದು. ನಿನ್ನ ಸರದಿ ಬಂದರೆ ಕೆಳಗಿನ ಕ್ಲಿನಿಕ್ಕಿನ ನರ್ಸಿಗೆ ಖುಷಿ, ನಿನ್ನ ನರ ಹುಡುಕುವ ತಾಪತ್ರಯವಿರಲಿಲ್ಲ. ಈ ಕೈಗೆ ಸೂಜಿ, ಆ ಕೈಯಲ್ಲಿ ಬಿಸ್ಕತ್ತು, ನಡುವೆ ನಿನ್ನ ಹರಟೆ. ನೀನು ಸಹಾಯಕಿಯಾಗಿ ಸೇರಿದಾಗ ಅಕ್ಕನ ವಶೀಲಿ ಎಂದು ಹಿಂದಿನಿಂದ ಆಡಿಕೊಂಡವರೇ ಮೂರು ತಿಂಗಳಲ್ಲಿ ತಮ್ಮ ಪ್ಲೇಟುಗಳನ್ನೂ ನಿನ್ನ ಕೈಗೆ ಕೊಡತೊಡಗಿದರು. ನನಗೆ ಒಳಗೊಳಗೇ ಹೆಮ್ಮೆ. ನಿನಗೆ ಅದನ್ನು ಹೇಳಿದ ನೆನಪಿಲ್ಲ.

ಹನ್ನೊಂದು ವರ್ಷದ ಹಿಂದಿನ ಆ ವಾರ ಖಾಲಿ ಆಂಟಿಬಾಡಿಯ ಹಳೆಯ ಶೀಸೆ ಮುಗಿದು ನೀನು ಹೊಸದು ತೆರೆದಿದ್ದೆ. ಊಟವಾದ ಮೇಲೆ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಅಕ್ಕ, ಖಾಲಿದು ಹಾಕಿದ ಕಡೆನೂ ಬಿಟ್ಕೊಂಡಿದಾವೆ. ಹೊಸ ಶೀಸೆ ಒಂದ್ಸಲ ನೋಡೋಣ್ವಾ?" ಎಂದೆ. ಲೇಖನ ಕಳಿಸಲು ಎಂಟು ದಿನ ಉಳಿದಿತ್ತು. ನಾನು ಶೀಸೆ ನೋಡಲಿಲ್ಲ. ಯಾರ ರಕ್ತ ಎಂದು ಕೇಳಿದೆ. ನಿನ್ನದೇ ಎಂದೆ. ಆಗ ನಾಲ್ಕು ಜನರ ಎದುರಿಗೆ ನಾನು ಹೇಳಿದ್ದು ನಿನಗೂ ಮರೆತಿರಲಾರದು.

"ಹಾಗಾದ್ರೆ ನಿನ್ನ ರಕ್ತದಲ್ಲೇ ಏನೋ ಐಬಿದೆ. ಇನ್ಮೇಲೆ ನೀನು ಕೊಡ್ಬೇಡ."

ನೀನು ಎದ್ದು ಹೋಗಿ ಫ್ರಿಜ್ಜಿನ ಮೇಲಿನ ಪಟ್ಟಿಯಲ್ಲಿ ನಿನ್ನ ಹೆಸರಿಗೆ ನೀನೇ ಗೆರೆ ಎಳೆದೆ. ಲೇಖನದಲ್ಲಿ ನಾನು ಒಂದು ಸಾಲು ಸೇರಿಸಿದೆ: ಒಬ್ಬ ದಾನಿಯ ಕಣಗಳು ಅಸಹಜವಾಗಿ ಕಂಡಿದ್ದರಿಂದ ಕೈಬಿಡಲಾಗಿದೆ. ಕರಡಿನಲ್ಲಿ ಆ ಸಾಲಿನ ತಪ್ಪಕ್ಷರ ತಿದ್ದಿಕೊಟ್ಟವಳೂ ನೀನೇ. ಆ ವರ್ಷದ ಕೊನೆಗೆ ಓಡಾಡಲು ದೂರವಾಗುತ್ತದೆ ಎಂದು ಹೇಳಿ ಕೆಲಸ ಬಿಟ್ಟೆ. ಆಮೇಲೆ ನೀನು ಸೇರಿದ ಕನ್ನಡಕದ ಅಂಗಡಿ ಅದಕ್ಕಿಂತ ದೂರ. ನಾನು ಯಾಕೆ ಎಂದು ಕೇಳಲಿಲ್ಲ.

ಅಷ್ಟರಲ್ಲಿ ಅಪ್ಪನ ಆಪರೇಷನ್ನೂ ಆಗಿಹೋಗಿತ್ತು. ರಕ್ತ ಬೇಕೆಂದರು. ನನ್ನದೂ ಅಮ್ಮನದೂ ಹೊಂದುವಂತಿರಲಿಲ್ಲ, ನಿನ್ನದೂ ಅಪ್ಪನದೂ ಒಂದೇ ಗುಂಪು. ನೀನು ಕೊಡಲಿಲ್ಲ. ಅತ್ತೆ ಆಸ್ಪತ್ರೆಯ ಬೆಂಚಿನ ಸಾಲಿಗೆಲ್ಲ ಕೇಳುವ ಹಾಗೆ, "ಹೆತ್ತಪ್ಪನಿಗೆ ಒಂದ್ ಬಾಟ್ಲಿ ಕೊಡೋಕೆ ಇವಳಿಗೆ ಮನಸ್ಸು ಬರ್ಲಿಲ್ಲ ನೋಡಿ" ಎಂದರು. ಕೊನೆಗೆ ಆಂಬುಲೆನ್ಸಿನ ಡ್ರೈವರ್ ಕೊಟ್ಟ. ಅಪ್ಪ ಗುಣವಾಗಿ ಆರು ವರ್ಷ ಬದುಕಿದರು, ಆರು ವರ್ಷವೂ ನಿನ್ನನ್ನು ಸೂಜಿಪುಕ್ಕಲಿ ಎಂದು ರೇಗಿಸಿದರು. ನೀನು ಹೌದಪ್ಪ ಎಂದು ನಗುತ್ತಿದ್ದೆ. ಬಿಸ್ಕತ್ತು ತಿನ್ನುತ್ತ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದವಳು.

ನನಗೆ ಸತ್ಯ ತಿಳಿದದ್ದು ಹೋದ ತಿಂಗಳು. ನಮ್ಮಲ್ಲಿಗೆ ಹೊಸದಾಗಿ ಒಬ್ಬಳು ವಿದ್ಯಾರ್ಥಿನಿ ಬಂದಿದ್ದಾಳೆ. ಎಲ್ಲದಕ್ಕೂ ಯಾಕೆ ಎನ್ನುವುದರಿಂದ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದೇವೆ. ಅವಳು ಫ್ರೀಜರಿನ ತಳ ಕೆದಕಿ ಖಾಲಿ ಆಂಟಿಬಾಡಿಯ ಎರಡೂ ಬಗೆಯ ಶೀಸೆ ಹೊರಗೆ ತೆಗೆದಳು. ಹಳೆಯದು ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ್ದು, ಅದರ ಬಾಲದಲ್ಲಿ ಸಕ್ಕರೆಯೇ ಇಲ್ಲ. ನೀನು ತೆರೆದದ್ದು ಪ್ರಾಣಿಯ ಕಣಗಳಲ್ಲಿ ಬೆಳೆಸಿದ್ದು, ನಮ್ಮ ಆಂಟಿಬಾಡಿಯ ಹಾಗೇ ಬಾಲದಲ್ಲಿ ಸಕ್ಕರೆಯ ಸರಪಳಿ ಇರುವಂಥದ್ದು. ಆ ಪ್ರೋಟೀನು ರಕ್ತಕಣಗಳ ಕೈಬಿಟ್ಟು ಆಂಟಿಬಾಡಿಯ ಬಾಲದ ಸಕ್ಕರೆಯನ್ನು ಹಿಡಿದುಕೊಳ್ಳುತ್ತಿತ್ತು, ಅಷ್ಟೇ. ತೋಳುಗಳಿಗೆ ಇದರಲ್ಲಿ ಕೆಲಸವೇ ಇರಲಿಲ್ಲ. ಬಾಲದ ಸಕ್ಕರೆಯನ್ನು ಕಿಣ್ವ ಹಾಕಿ ಕತ್ತರಿಸಿದರೆ ನಮ್ಮ ಹೆಸರುವಾಸಿ ಆಂಟಿಬಾಡಿಯೂ ಮೂಲೆಯಲ್ಲಿ ಕೂರುತ್ತದೆ. ಅವಳು ಆರು ಜನರ ರಕ್ತದಲ್ಲಿ ಮಾಡಿ ನೋಡಿದಳು, ಆರರಲ್ಲೂ ಅದೇ. ನಿನ್ನ ರಕ್ತ ಅವತ್ತು ಮಾಡಿದ್ದು ಎಲ್ಲರ ರಕ್ತವೂ ಮಾಡುವುದನ್ನೇ.

ಮಗಳೇ, ನೀನು ಇದನ್ನು ಓದುತ್ತಿದ್ದರೆ ಇಷ್ಟು ನೆನಪಿಟ್ಟುಕೋ. ನಿನ್ನ ಅಮ್ಮನ ರಕ್ತದಲ್ಲಿ ಯಾವ ಐಬೂ ಇಲ್ಲ, ಯಾವತ್ತೂ ಇರಲಿಲ್ಲ. ಮುಂದಿನ ಶಿಬಿರಕ್ಕೆ ಹೋಗು, ಅಮ್ಮನನ್ನೂ ಎಳೆದುಕೊಂಡು ಹೋಗು.

ಪ್ರಶ್ನೆಪತ್ರಿಕೆ ಹಳೆಯ ನೋಟ್‌ಬುಕ್ ಒಂದನ್ನು ನನ್ನ ಮೇಜಿನ ಮೇಲಿಟ್ಟು, ಇದರಲ್ಲಿ ಯಾರೋ ಕೆಂಪು ಶಾಯಿಯಲ್ಲಿ ಹೊಸ ಶೀಸೆ ಎಂದು ಬರೆದು ಎರಡು ಗೆರೆ ಎಳೆದಿದ್ದಾರೆ, ಹನ್ನೊಂದು ವರ್ಷದ ಹಿಂದೆಯೇ, ಅವರು ಯಾರು, ಈಗ ಎಲ್ಲಿದ್ದಾರೆ ಎಂದು ಕೇಳಿದಳು. ನನ್ನ ತಂಗಿ ಎಂದೆ. ಈಗ ಎಲ್ಲಿ ಎಂಬುದಕ್ಕೆ ಕನ್ನಡಕದ ಅಂಗಡಿಯಲ್ಲಿ ಎಂದಾಗ ಆ ಹುಡುಗಿ ಮೊದಲ ಸಲ ಯಾಕೆ ಎಂದು ಕೇಳಲಿಲ್ಲ.

ಲೇಖನ ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು ಸೋಮವಾರ ಪತ್ರಿಕೆಗೆ ಬರೆದಿದ್ದೇನೆ. ನಮ್ಮ ನಿರ್ದೇಶಕರು ಸಣ್ಣದೊಂದು ತಿದ್ದುಪಡಿ ಸಾಕಲ್ಲವೇ, ಇಷ್ಟು ವರ್ಷದ ಮೇಲೆ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದರು. ಸಾಲದು ಎಂದೆ. ಆ ದಾನಿಯ ವಿಷಯದಲ್ಲಿ ತಪ್ಪಾಗಿದೆ ಎಂದೂ ಅದರಲ್ಲಿ ಸೇರಿಸಿದ್ದೇನೆ. ನಿನ್ನ ಹೆಸರು ಹಾಕಲೇ, ಬೇಡವೇ ಎಂದು ನೀನು ಹೇಳು, ನೀನು ಹೇಳಿದ ಹಾಗೆ ಮಾಡುತ್ತೇನೆ. ಹೇಳಲು ಮನಸ್ಸಿಲ್ಲದಿದ್ದರೆ ಅದೂ ಸರಿ.

ನನ್ನನ್ನು ಕ್ಷಮಿಸು ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಅದು ನಿನ್ನ ಮೇಲೆ ಇನ್ನೊಂದು ಕೆಲಸ ಹೊರಿಸಿದ ಹಾಗಾಗುತ್ತದೆ. ನನಗೆ ನಾಚಿಕೆಯಾಗಿದೆ ಎಂದಷ್ಟೇ ಬರೆಯುತ್ತೇನೆ. ನಿನ್ನ ಯಜಮಾನರಿಗೆ ನಾನು ಕೇಳಿದೆನೆಂದು ಹೇಳು. ಮಗಳಿಗೆ ಅಜ್ಜಿಯ ಮುತ್ತು. ನಿನ್ನ ಕೈಗಳು ಹೀಗೇ ನಡುಗದೆ ಇರಲಿ, ನೀನು ನಿದ್ದೆ ಮಾಡುವಷ್ಟು ನೆಮ್ಮದಿಯಾಗಿರು, ನನ್ನ ಪಾಲಿನ ಆಯಸ್ಸಿನಲ್ಲೂ ಸ್ವಲ್ಪ ನಿನಗೇ ಸೇರಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಹೋದ ತಿಂಗಳು ತಿಳಿಯಿತು ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ, ತಪ್ಪೊಪ್ಪಿಕೊಳ್ಳುವಾಗಲೂ ನಿನ್ನ ಅಕ್ಕ ಹೇಗೆ ಬರೆಯುತ್ತಾಳೆ ಎಂದು ನೀನು ನೋಡಬೇಕು. ಹೋದ ತಿಂಗಳು ನನಗೆ ತಿಳಿದದ್ದು ಬಾಲದ ಸಕ್ಕರೆಯ ವಿಷಯ ಮಾತ್ರ. ನಿನ್ನ ರಕ್ತದಲ್ಲಿ ಐಬಿಲ್ಲ ಎಂಬುದು ಹನ್ನೊಂದು ವರ್ಷದಿಂದ ಗೊತ್ತು.

ನಿನಗೆ ಆ ಮಾತು ಅಂದ ನಾಲ್ಕನೆಯ ದಿನ ಭಾನುವಾರ. ಬೆಳಗ್ಗೆ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಕೆಳಗೆ ಹೋಗಿ ನರ್ಸಿನ ಕೈಯಲ್ಲಿ ನನ್ನ ರಕ್ತ ತೆಗೆಸಿಕೊಂಡು ಬಂದು, ನಿನ್ನ ಹೊಸ ಶೀಸೆಯಿಂದ ಹಾಕಿ ನೋಡಿದೆ. ನನ್ನ ಕಣಗಳೂ ಬಿಟ್ಟುಕೊಂಡವು. ಪ್ಲೇಟನ್ನು ಕಸದ ಚೀಲಕ್ಕೆ ಹಾಕಿದೆ, ಪುಸ್ತಕದಲ್ಲಿ ಏನೂ ಬರೆಯಲಿಲ್ಲ, ಮನೆಗೆ ಹೋಗಿ ಊಟ ಮಾಡಿದೆ. ಮರುದಿನ ಹಳೆಯ ಬಗೆಯ ಶೀಸೆಯನ್ನೇ ತರಿಸಿದೆ.

ಅದಾಗಿ ಐದು ತಿಂಗಳಿಗೆ ಅಪ್ಪನ ಆಪರೇಷನ್. ಲೇಖನ ಅಚ್ಚಾಗಿ ಒಂದು ವಾರವಾಗಿತ್ತು. ನೀನು ಆಗಲೇ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದೆ. ಒಳಗಿನಿಂದ ಕರೆದಾಗ ಎದ್ದವಳು ಬಾಗಿಲಿಗೆ ಹೋಗದೆ ನನ್ನ ಹತ್ತಿರ ಬಂದು, ಅತ್ತೆಗೆ ಕೇಳಿಸದ ಹಾಗೆ, "ಅಕ್ಕ, ನಾನು ಕೊಡಬಹುದಾ?" ಎಂದು ಕೇಳಿದೆ.

ಕೊಡು ಎಂದಿದ್ದರೆ, ಮತ್ತೆ ಲೇಖನದಲ್ಲಿ ನನ್ನನ್ನು ಯಾಕೆ ಕೈಬಿಟ್ಟೆ ಎಂದು ನೀನು ಕೇಳುತ್ತಿದ್ದೆ. ನಾನು ಬೇಡ ಎಂದು ತಲೆಯಾಡಿಸಿದೆ. ನೀನು ತೋಳು ಇಳಿಸಿ ಗುಂಡಿ ಹಾಕಿಕೊಂಡು ಮತ್ತೆ ಬೆಂಚಿಗೆ ಹೋಗಿ ಕೂತೆ. ಅತ್ತೆ ಆ ಮಾತು ಆಡಿದ್ದು ಆಗ. ಅಕ್ಕ ಬೇಡವೆಂದಳು ಎಂದು ನೀನು ಅತ್ತೆಗೂ ಹೇಳಲಿಲ್ಲ, ಅಪ್ಪನಿಗೂ ಕೊನೆಯವರೆಗೆ ಹೇಳಲಿಲ್ಲ.

ಕೊಡಬಹುದಿತ್ತು, ಚೋಟಿ.